ಎರೆ ದಾರಿ, ಡಾಂಬರು, ಕಲ್ಲುಮೆಟ್ಟಿಲು: ಓಟಕ್ಕೆ ಯಾವ ಬೂಟು ಕೊಳ್ಳಬೇಕು?

ಗುಮ್ಮಟದ_ಬೆಳಗು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯ ಶಿಕ್ಷಕ, ವಯಸ್ಸು 41, ತೂಕ 82 ಕಿಲೋ. ಎಂಟು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೇನೆ. ಎರಡು ದಿನ ಗೋಳಗುಮ್ಮಟದ ಕಡೆಯಿಂದ ಇಬ್ರಾಹಿಂ ರೋಜಾದವರೆಗೆ ಹೋಗಿ ಬರುವ ಡಾಂಬರು ರಸ್ತೆ, ಇನ್ನೆರಡು ದಿನ ಊರ ಹೊರಗಿನ ಎರೆಹೊಲಗಳ ನಡುವಿನ ಬಂಡಿ ದಾರಿ.

ಆರು ತಿಂಗಳ ಹಿಂದೆ ಒಂದು ದೊಡ್ಡ ಅಂಗಡಿಯಲ್ಲಿ ನನ್ನನ್ನು ಯಂತ್ರವೊಂದರ ಮೇಲೆ ನಿಲ್ಲಿಸಿ, ಪರದೆಯ ಮೇಲೆ ಕೆಂಪು ಹಳದಿ ಬಣ್ಣಗಳಲ್ಲಿ ನನ್ನ ಪಾದದ ಚಿತ್ರವನ್ನು ತೋರಿಸಿ, ‘ನಿಮ್ಮದು ಚಪ್ಪಟೆ ಪಾದ, ಒಳಬದಿಗೆ ಗಟ್ಟಿ ಆಸರೆ ಇರುವ ಬೂಟನ್ನೇ ಹಾಕಬೇಕು’ ಎಂದು ಹೇಳಿ ₹9,000 ಬೆಲೆಯ ಜೋಡಿಯೊಂದನ್ನು ಕೊಟ್ಟರು. ಈಗ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ, ಕಿರುಬೆರಳಿನ ಪಕ್ಕ ಗುಳ್ಳೆ ಏಳುತ್ತದೆ, ಐದು ಕಿಲೋಮೀಟರ್ ದಾಟಿದ ಮೇಲೆ ಅಂಗಾಲಿನ ಒಳಬದಿಗೆ ಏನೋ ಒತ್ತಿ ಹಿಡಿದಂತಾಗುತ್ತದೆ. ಕಾಲಿಗೆ ರೂಢಿಯಾಗಬೇಕು ಎಂದು ಅಂಗಡಿಯವರು ಹೇಳಿದ್ದರು, ಆದರೆ ಆರು ತಿಂಗಳಾದರೂ ರೂಢಿಯಾಗಿಲ್ಲ.

ಈ ಸಲ ಮಳೆ ಹಿಡಿಯುವ ಮೊದಲು ₹6,000ದ ಒಳಗೆ ಹೊಸದನ್ನು ಕೊಳ್ಳಬೇಕೆಂದಿದ್ದೇನೆ. ಪಾದದ ಆಕಾರ ನೋಡಿ ಕೊಳ್ಳಬೇಕೋ, ಓಡುವ ನೆಲ ನೋಡಿ ಕೊಳ್ಳಬೇಕೋ? ಎರಡು ಬಗೆಯ ನೆಲಕ್ಕೆ ಒಂದೇ ಜೋಡಿ ಸಾಕಾಗುತ್ತದೆಯೇ? ಅನುಭವವುಳ್ಳವರು ದಯವಿಟ್ಟು ಹೇಳಿರಿ.

ಕ್ಯಾಂಪ್_ರಸ್ತೆ, ಬೆಳಗಾವಿ

ಸರ್, ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಅಂಗಾಲನ್ನು ನೀರಿನಲ್ಲಿ ಅದ್ದಿ ಒಣ ಶಹಾಬಾದ್ ಕಲ್ಲಿನ ಮೇಲೆ ಒತ್ತಿ ನಿಂತು ನೋಡಿರಿ. ಇಡೀ ಪಾದ ತುಂಬಿ ಮೂಡಿದರೆ ಚಪ್ಪಟೆ ಪಾದ, ನಡುವೆ ಸಣ್ಣ ಪಟ್ಟಿ ಮಾತ್ರ ಮೂಡಿದರೆ ಅಂಗಾಲಿನ ನಡುವಿನ ಕಮಾನು ಎತ್ತರ. ನನ್ನದು ತುಂಬ ಚಪ್ಪಟೆ. ಒಂಬತ್ತು ವರ್ಷಗಳಿಂದ ಒಳ ಆಸರೆಯ ಬೂಟನ್ನೇ ಹಾಕುತ್ತಿದ್ದೇನೆ, ಒಂದು ದಿನವೂ ಮೊಣಕಾಲು ನೋವು ಬಂದಿಲ್ಲ. ಅಂಗಡಿಯವರು ಹೇಳಿದ್ದು ತಪ್ಪಲ್ಲ, ಬಹುಶಃ ಅಳತೆಯಷ್ಟೇ ತಪ್ಪಿದೆ.

ನವನಗರ_ಫಿಸಿಯೊ, ಬಾಗಲಕೋಟೆ

ಅಳತೆ ತಪ್ಪಿದೆ ಎಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಉಳಿದದ್ದಕ್ಕೆ ಇಲ್ಲ. ನಾನು ಫಿಸಿಯೊಥೆರಪಿಸ್ಟ್, ಓಡುವವರ ಕಾಲುಗಳನ್ನು ದಿನವೂ ನೋಡುವವಳು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಾಲು ನೆಲಕ್ಕೆ ತಾಗಿದಾಗ ಪಾದ ಒಳಮುಖವಾಗಿ ಸ್ವಲ್ಪ ವಾಲುವುದು ದೇಹ ಪೆಟ್ಟನ್ನು ತಾಳಿಕೊಳ್ಳುವ ಸಹಜ ಕ್ರಮ. ಆ ವಾಲುವಿಕೆಯೇ ರೋಗವೆಂದು ಎಂಬತ್ತರ ದಶಕದಿಂದ ಬೂಟಿನ ಕಂಪನಿಗಳು ಹೇಳುತ್ತ ಬಂದವು. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ಪಡೆಗೆ ಸೇರಿದ ಹೊಸಬರಲ್ಲಿ ಒಂದು ಗುಂಪಿಗೆ ಪಾದದ ಕಮಾನನ್ನು ನೋಡಿ ಬೂಟು ಕೊಟ್ಟು, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಬಗೆಯ ಬೂಟು ಕೊಟ್ಟು, ತರಬೇತಿಯುದ್ದಕ್ಕೂ ಯಾರಿಗೆ ಹೆಚ್ಚು ಗಾಯವಾಗುತ್ತದೆಂದು ನೋಡಿದರು. 2009 ಮತ್ತು 2010ರಲ್ಲಿ ಪ್ರಕಟವಾದ ಆ ಮೂರೂ ಅಧ್ಯಯನಗಳಲ್ಲಿ, ಕಮಾನನ್ನು ನೋಡಿ ಬೂಟು ಕೊಟ್ಟದ್ದರಿಂದ ಗಾಯಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. 2014ರಲ್ಲಿ ಡೆನ್ಮಾರ್ಕಿನವರು ಹೊಸದಾಗಿ ಓಟ ಶುರು ಮಾಡಿದ 927 ಜನರಿಗೆ ಒಳ ಆಸರೆಯಿಲ್ಲದ ಸಾದಾ ಬೂಟನ್ನೇ ಕೊಟ್ಟು ಒಂದು ವರ್ಷ ಹಿಂಬಾಲಿಸಿದರು. ಒಳಗೆ ವಾಲುವ ಪಾದದವರಿಗೆ ಹೆಚ್ಚು ಗಾಯವಾಗುತ್ತದೆ ಎಂಬ ನಂಬಿಕೆ ಅಲ್ಲಿಯೂ ನಿಲ್ಲಲಿಲ್ಲ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮಂಡಿಸಿದ ವಾದ ಬಹಳ ಸರಳವಾಗಿದೆ: ಹಾಕಿಕೊಂಡು ಓಡಿದಾಗ ಯಾವುದು ಹಿತವೆನಿಸುತ್ತದೆಯೋ ಅದೇ ಆ ಕಾಲಿನ ಬೂಟು.

ಸರ್, ನಿಮ್ಮ ಅಂಗಾಲಿನ ಒಳಬದಿಯಲ್ಲಿ ಆರು ತಿಂಗಳಿಂದ ಒತ್ತುತ್ತಿರುವುದು ಆ ಗಟ್ಟಿ ಆಸರೆಯೇ ಇರಬೇಕು. ಬೂಟು ಕೊಂಡ ದಿನ ಒತ್ತಿದ್ದು ಆರು ತಿಂಗಳ ನಂತರವೂ ಒತ್ತುತ್ತದೆ.

ಕ್ಯಾಂಪ್_ರಸ್ತೆ, ಬೆಳಗಾವಿ

ಮೇಡಂ, ಅಧ್ಯಯನಗಳ ಮಾತು ಬಂದಿದೆಯಾದ್ದರಿಂದ 2016ರ ಲಕ್ಸೆಂಬರ್ಗಿನ ಅಧ್ಯಯನವನ್ನೂ ಹೇಳಬೇಕಲ್ಲವೇ? ಅಲ್ಲಿ 372 ಜನ ಆರು ತಿಂಗಳು ಓಡಿದರು, ಒಳ ಆಸರೆಯ ಬೂಟು ಹಾಕಿದವರಿಗೆ ಗಾಯ ಕಡಿಮೆಯಾಯಿತು, ಅದರಲ್ಲಿಯೂ ಪಾದ ಹೆಚ್ಚು ಒಳಗೆ ವಾಲುವವರಿಗೆ ಹೆಚ್ಚು ಪ್ರಯೋಜನವಾಯಿತು. ನನ್ನ ಒಂಬತ್ತು ವರ್ಷಗಳ ಅನುಭವವನ್ನು ನೀವು ಬದಿಗೆ ಸರಿಸಬಹುದು, ಆದರೆ ಇದನ್ನು ಸರಿಸಲಾಗದು.

ನವನಗರ_ಫಿಸಿಯೊ, ಬಾಗಲಕೋಟೆ

ಸರಿಯಾಗಿ ನೆನಪಿಸಿದಿರಿ, ಅದನ್ನು ನಾನೇ ಹೇಳಬೇಕಿತ್ತು. ಪಾದ ಬಹಳವಾಗಿ ವಾಲುವವರಿಗೆ, ಕಣಕಾಲಿನ ಒಳಬದಿಯಲ್ಲಿ ಮೊದಲೇ ನೋವಿರುವವರಿಗೆ ನಾನೂ ಆಸರೆಯ ಬೂಟನ್ನೇ ಹೇಳುತ್ತೇನೆ. ನಿಮಗೆ ಅದು ಹಿತವಾಗಿದೆ, ಹಾಗಾಗಿ ನೀವು ಬದಲಿಸುವುದು ಬೇಡ. ಶಿಕ್ಷಕರಿಗೆ ಹಿತವಾಗಿಲ್ಲ. ಯಂತ್ರದ ಮೇಲೆ ಸುಮ್ಮನೆ ನಿಂತ ಪಾದವನ್ನು ನೋಡಿ ಓಡುವ ಪಾದಕ್ಕೆ ತೀರ್ಪು ಕೊಡುವುದನ್ನಷ್ಟೇ ನಾನು ಒಪ್ಪುವುದಿಲ್ಲ.

ಅಥಣಿ_ಅಟ್ಟೆ, ಅಥಣಿ

ಗುರುಗಳೇ, ನಾವು ಮೂರು ತಲೆಮಾರಿನಿಂದ ಕೊಲ್ಹಾಪುರಿ ಚಪ್ಪಲಿ ಮಾಡುವ ಮನೆಯವರು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿದವು. ಓಟದ ಬೂಟು ನಮ್ಮ ಕಸುಬಲ್ಲದಿದ್ದರೂ ಪಾದವನ್ನು ನೋಡುವುದು ನಮ್ಮ ಕಸುಬು, ಆದ್ದರಿಂದ ಬರೆಯುತ್ತಿದ್ದೇನೆ.

ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ಚಪ್ಪಟೆ ಪಾದ ಕಾರಣವೇ ಅಲ್ಲ. ಉಗುರು ಕಪ್ಪಾಗಿದೆ ಎಂದರೆ ಬೂಟು ಗಿಡ್ಡವಾಗಿದೆ ಅಥವಾ ಹಿಮ್ಮಡಿ ಸಡಿಲವಾಗಿ ಪಾದ ಮುಂದಕ್ಕೆ ಜಾರುತ್ತಿದೆ. ಕಿರುಬೆರಳಿಗೆ ಗುಳ್ಳೆ ಎಂದರೆ ಅಗಲ ಸಾಲದು. ಚಿಕ್ಕಂದಿನಿಂದ ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ನಡೆದ ನಮ್ಮ ಕಡೆಯ ಕಾಲಿನ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಪರದೇಶದ ಕಿರಿದಾದ ಅಚ್ಚಿನ ಮೇಲೆ ಮಾಡಿದ ಬೂಟಿನೊಳಗೆ ಅವನ್ನು ತುರುಕಿದರೆ ಏನಾಗುತ್ತದೆಂದು ನಿಮ್ಮ ಕಿರುಬೆರಳೇ ಹೇಳುತ್ತಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಅಳೆದು, ಭಾರತೀಯರ ಪಾದ ಯುರೋಪ್ ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡುಕೊಂಡರು. ಅದಕ್ಕಾಗಿಯೇ ‘ಭಾ’ ಎಂಬ ನಮ್ಮದೇ ಅಳತೆಯನ್ನು ಸೂಚಿಸಿದ್ದಾರೆ. ನಮ್ಮ ಅಜ್ಜ ಯಾವ ಯಂತ್ರವೂ ಇಲ್ಲದೆ ಇದನ್ನೇ ಹೇಳುತ್ತಿದ್ದರು.

ಈಗ ಕೆಲಸದ ಮಾತು. ಸಂಜೆ ಹೊತ್ತು, ದಿನವಿಡೀ ನಿಂತು ಪಾಠ ಮಾಡಿ ಬಂದ ಮೇಲೆ, ಗೋಡೆಗೆ ಹಿಮ್ಮಡಿ ತಾಗಿಸಿ ಕಂದು ಕಾಗದದ ಮೇಲೆ ನಿಲ್ಲಿರಿ. ಓಡುವಾಗ ಹಾಕುವ ಕಾಲುಚೀಲವೇ ಕಾಲಲ್ಲಿರಲಿ. ಮನೆಯವರ ಕೈಗೆ ಪೆನ್ಸಿಲ್ ಕೊಟ್ಟು, ಅದನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಲು ಹೇಳಿರಿ. ಪೆನ್ಸಿಲ್ ಒಳಗೆ ವಾಲಿದರೆ ಅಳತೆ ಅರ್ಧ ಸೆಂಟಿಮೀಟರ್ ಕಡಿಮೆ ಬರುತ್ತದೆ. ಎರಡೂ ಕಾಲುಗಳ ಗೆರೆ ಎಳೆಯಬೇಕು, ಏಕೆಂದರೆ ಎರಡು ಪಾದಗಳೂ ಸರಿಸಮ ಇರುವವರು ಅಪರೂಪ. ದೊಡ್ಡ ಪಾದದ ಅಳತೆಯೇ ನಿಮ್ಮ ಅಳತೆ. ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಆಮೇಲೆ ಅಂಗಡಿಯಲ್ಲಿ ಬೂಟಿನ ಒಳಗಿನ ಮೆತ್ತನೆಯ ಹಾಸನ್ನು ಹೊರಗೆ ಎಳೆದು ಅದರ ಮೇಲೆ ನಿಂತು ನೋಡಿರಿ. ಕಿರುಬೆರಳೋ ಹೆಬ್ಬೆರಳ ಗೆಣ್ಣೋ ಹಾಸಿನ ಅಂಚು ದಾಟಿ ಹೊರಗೆ ಚಾಚಿಕೊಂಡರೆ ಆ ಬೂಟನ್ನು ಅಲ್ಲಿಯೇ ಬಿಟ್ಟು ಬನ್ನಿ, ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಟಿಳಕವಾಡಿ_ತಾಯಿ, ಬೆಳಗಾವಿ

ಅಥಣಿ ಅಣ್ಣನವರ ಮಾತಿಗೆ ಒಂದು ಸೇರಿಕೆ. ಗಂಡಸರ ಬೂಟಿನಲ್ಲಿ ಸಾಮಾನ್ಯ ಅಗಲಕ್ಕೆ ಡಿ ಎಂದೂ ಹೆಚ್ಚಿನ ಅಗಲಕ್ಕೆ 2ಇ ಎಂದೂ ಅದಕ್ಕಿಂತ ಹೆಚ್ಚಿನದಕ್ಕೆ 4ಇ ಎಂದೂ ಗುರುತಿರುತ್ತದೆ. ಹೆಂಗಸರಿಗೆ ಸಾಮಾನ್ಯ ಅಗಲ ಬಿ, ಹೆಚ್ಚಿನ ಅಗಲ ಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಂಗಸರ ಅಗಲದ ಬೂಟು ಕೇಳಿದರೆ ಮುಂದಿನ ಸೈಜನ್ನು ಕೊಟ್ಟು ಕಳಿಸುತ್ತಾರೆ. ಅಗಲ ಸಾಲದಿದ್ದಾಗ ಉದ್ದ ಹೆಚ್ಚಿಸಿದರೆ ಹಿಮ್ಮಡಿ ಲೊಡಲೊಡ ಎನ್ನುತ್ತದೆ. ಎರಡನೆಯ ಹೆರಿಗೆಯ ನಂತರ ನನ್ನ ಪಾದವೇ ಅರ್ಧ ಸೈಜು ಬೆಳೆಯಿತು. ಬಸುರಿತನದಲ್ಲಿ ಹೀಗಾಗುವುದುಂಟು ಎಂದು ವೈದ್ಯರು ಹೇಳುವವರೆಗೆ ನಾನು ಹಳೆಯ ಸೈಜಿನಲ್ಲಿಯೇ ನರಳಿದೆ. ಕೊನೆಗೆ ಗಂಡಸರ ಡಿ ಅಗಲದ ಬೂಟನ್ನು ಕೊಂಡೆ, ಈಗ ನಮ್ಮ ವ್ಯಾಕ್ಸಿನ್ ಡಿಪೊ ಮೈದಾನದ ಮರಗಳ ನಡುವೆ ನಿಶ್ಚಿಂತೆಯಿಂದ ಓಡುತ್ತೇನೆ. ಅಕ್ಕತಂಗಿಯರೇ, ಡಬ್ಬಿಯ ಮೇಲೆ ಗಂಡಸರದ್ದು ಎಂದು ಬರೆದಿದೆಯೆಂಬ ಕಾರಣಕ್ಕೆ ಹಿಂಜರಿಯಬೇಡಿ.

ಇಂಡಿ_ಹುಡುಗ, ಇಂಡಿ

ನನ್ನ ಬಳಿ ₹1,500 ಮಾತ್ರ ಇದೆ. ಪೊಲೀಸ್ ಭರ್ತಿಯ 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಅಭ್ಯಾಸವೆಲ್ಲ ಕಾಲೇಜಿನ ಮಣ್ಣಿನ ಮೈದಾನದಲ್ಲಿ. ನೀವೆಲ್ಲ ಹೇಳುವ ಬೂಟುಗಳು ನಮ್ಮಂಥವರಿಗೆ ಎಟುಕುವುದಿಲ್ಲ. ಬರಿಗಾಲಿನಲ್ಲಿ ಓಡಿದರೆ ತಪ್ಪೇನು? ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿಯೇ ಮ್ಯಾರಥಾನ್ ಗೆದ್ದರಲ್ಲವೇ?

ಎರೆಹೊಲದವ, ಸಿಂದಗಿ

ತಮ್ಮಾ, ರೋಮಿನ ರಸ್ತೆಯಲ್ಲಿ ನೆಗ್ಗಿಲು ಮುಳ್ಳು ಇರಲಿಲ್ಲ. ನಮ್ಮ ಕಡೆ ತೊಗರಿ ಕೊಯ್ದ ಮೇಲೆ ನಿಲ್ಲುವ ಕೂಳೆ ಟ್ರ್ಯಾಕ್ಟರಿನ ಟೈರನ್ನೇ ಚುಚ್ಚುತ್ತದೆ, ಜಾಲಿ ಮುಳ್ಳಿನ ಮಾತು ಬೇರೆಯೇ. ಬರಿಗಾಲಿನ ಮಾತನ್ನು ಬಿಡು.

ನವನಗರ_ಫಿಸಿಯೊ, ಬಾಗಲಕೋಟೆ

ಬಿಕಿಲಾ ಅವರ ಕಥೆಯ ಇನ್ನೊಂದು ಅರ್ಧವೂ ಇದೆ. ರೋಮಿನಲ್ಲಿ ಅವರಿಗೆ ಸಿಕ್ಕ ಬೂಟು ಕಾಲಿಗೆ ಸರಿಹೊಂದಲಿಲ್ಲ, ಕಚ್ಚುವ ಬೂಟಿಗಿಂತ ಬರಿಗಾಲೇ ಲೇಸೆಂದು ಓಡಿದರು. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಬೂಟು ಹಾಕಿಕೊಂಡು ಮತ್ತೆ ಗೆದ್ದರು. ಬರಿಗಾಲಿಗೆ ರೂಢಿಯಿರುವವರು ಒಳ್ಳೆಯ ಮೈದಾನದಲ್ಲಿ ಸ್ವಲ್ಪ ಹೊತ್ತು ಹಾಗೆ ಓಡುವುದನ್ನು ನಾನು ಬೇಡವೆನ್ನುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಎಂದಿಗೂ ಹಾಗೆ ಮಾಡಬಾರದು, ಅಂಗಾಲಿನ ಸ್ಪರ್ಶ ಮಂದವಾಗಿರುವವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ.

ಮಾಜಿ_ಸುಬೇದಾರ, ಬೆಳಗಾವಿ

ಇಂಡಿಯ ತಮ್ಮನಿಗೆ ನಾನು ಉತ್ತರಿಸುತ್ತೇನೆ. ಹತ್ತು ವರ್ಷಗಳಿಂದ ಸೇನೆ ಮತ್ತು ಪೊಲೀಸ್ ಭರ್ತಿಗೆ ಹೋಗುವ ಮಕ್ಕಳಿಗೆ ಬೆಳಗ್ಗೆ ಐದಕ್ಕೆ ಓಟ ಹೇಳಿಕೊಡುತ್ತಿದ್ದೇನೆ, ಅವರಲ್ಲಿ ಹೆಚ್ಚಿನವರ ಜೇಬೂ ನಿನ್ನಷ್ಟೇ.

₹1,500ಕ್ಕೆ ಓಟದ ಬೂಟು ಸಿಗುತ್ತದೆ. ಹೆಸರು ನೋಡಬೇಡ, ಮೂರು ಸಂಗತಿ ನೋಡು. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಕಾಗದದಂತೆ ಮಡಚಿಕೊಳ್ಳಬಾರದು. ಬೂಟನ್ನು ಎರಡೂ ತುದಿ ಹಿಡಿದು ಬಗ್ಗಿಸಿದಾಗ ಬೆರಳುಗಳು ಮಡಚುವ ಜಾಗದಲ್ಲಿ ಬಗ್ಗಬೇಕು, ನಟ್ಟನಡುವೆ ಮುರಿದಂತೆ ಬಗ್ಗುವುದನ್ನು ಕೊಳ್ಳಬೇಡ. ಕೈಯಲ್ಲಿ ಹಿಡಿದಾಗ ಹಗುರವಾಗಿರಬೇಕು, 1600 ಮೀಟರಿಗೆ ದಪ್ಪ ಮೆತ್ತೆ ಬೇಕಾಗಿಲ್ಲ. ಬಟ್ಟೆಯ ಬಿಳಿ ಪಿ.ಟಿ. ಬೂಟಿನಲ್ಲಿ ಓಡಿ ಭರ್ತಿಯಾದವರು ನಮ್ಮ ಕಾಲದಲ್ಲಿ ಬಹಳಷ್ಟು ಜನ, ಆದರೆ ಅದೇ ಬೂಟಿನಲ್ಲಿ ದಿನವೂ ಡಾಂಬರಿನ ಮೇಲೆ ಓಡಿ ಮೊಣಕಾಲ ಕೆಳಗಿನ ಮುಂಬದಿಯ ಎಲುಬಿಗೆ ನೋವು ತಂದುಕೊಂಡು ಅವಕಾಶ ಕಳೆದುಕೊಂಡವರನ್ನೂ ಕಂಡಿದ್ದೇನೆ. ನಿನ್ನ ಅಭ್ಯಾಸ ಮಣ್ಣಿನ ಮೈದಾನದಲ್ಲಿಯೇ ನಡೆಯಲಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಭರ್ತಿಯ ದಿನ ಹೊಸ ಬೂಟನ್ನು ಹಾಕಬೇಡ. ಮನೆಯವರು ಸಾಲ ಮಾಡಿ ಕೊಡಿಸಿದ ಹೊಚ್ಚಹೊಸ ಬೂಟಿನಲ್ಲಿ ಓಡಿ, ಮೂರನೆಯ ಸುತ್ತಿನಲ್ಲಿ ಹಿಮ್ಮಡಿಯ ಚರ್ಮ ಸುಲಿದು ನಿಂತ ಹುಡುಗನನ್ನು ನಾನು ಎತ್ತಿಕೊಂಡು ಹೊರಗೆ ತಂದಿದ್ದೇನೆ. ಕನಿಷ್ಠ ಮೂರು ವಾರ ಓಡಿದ ಬೂಟೇ ಆ ದಿನ ಕಾಲಲ್ಲಿರಬೇಕು. 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕಾದ ಹೆಣ್ಣುಮಕ್ಕಳಿಗೂ ಇದೇ ಮಾತು.

ಇಂಡಿ_ಹುಡುಗ, ಇಂಡಿ

ಬಹಳ ಧನ್ಯವಾದ ಕಾಕಾ. ಹಿಮ್ಮಡಿ ಒತ್ತಿ ನೋಡುವುದು ನನಗೆ ಗೊತ್ತೇ ಇರಲಿಲ್ಲ.

ಮರಳುಗಲ್ಲು, ಬಾದಾಮಿ

ಪಾದದ ಮಾತು ಸಾಕಷ್ಟಾಯಿತು, ನೆಲದ ಮಾತನ್ನು ಯಾರೂ ಆಡುತ್ತಿಲ್ಲ. ನಾನು ಬಾದಾಮಿಯ ಗುಡ್ಡಗಳಲ್ಲಿ, ಮಹಾಕೂಟದ ಕಡೆಗೆ ಹೋಗುವ ಹಳೆಯ ಕಾಲುದಾರಿಯಲ್ಲಿ ಓಡುವವನು. ಕಾಡುಮೇಡಿನ ಓಟಕ್ಕೆಂದು ಮಾರುವ ಬೂಟುಗಳ ಅಟ್ಟೆಯಲ್ಲಿ ನಾಲ್ಕೈದು ಮಿಲಿಮೀಟರ್ ಎತ್ತರದ ಹಲ್ಲುಗಳಿರುತ್ತವೆ. ಆ ಹಲ್ಲುಗಳು ಮೆದು ಮಣ್ಣಿನಲ್ಲಿ ಕಚ್ಚಿಕೊಳ್ಳಲು ಇರುವಂಥವು. ನಮ್ಮ ಮರಳುಗಲ್ಲಿನ ಮೇಲೆ ಅವು ಕಚ್ಚುವುದಿಲ್ಲ, ಬದಲಿಗೆ ಕಲ್ಲೇ ಅವನ್ನು ತಿನ್ನುತ್ತದೆ. ಮರಳುಗಲ್ಲು ಎಂದರೆ ಉಪ್ಪುಕಾಗದವೇ. ನನ್ನ ಮೊದಲ ಜೋಡಿಯ ಹಲ್ಲುಗಳು ಎರಡೇ ತಿಂಗಳಲ್ಲಿ ಸವೆದು ನೆಲಸಮವಾದವು. ಕಲ್ಲಿಗೆ ಬೇಕಾದದ್ದು ಅಂಟುವ ಗುಣದ ರಬ್ಬರ್ ಮತ್ತು ಅಗಲವಾಗಿ ನೆಲಕ್ಕೆ ತಾಗುವ ಗಿಡ್ಡ ಹಲ್ಲು. ಚೂಪುಕಲ್ಲುಗಳ ದಾರಿಯಾದರೆ ಅಟ್ಟೆಯೊಳಗೆ ತೆಳುವಾದ ಗಟ್ಟಿ ಹಾಳೆಯಿರುವ ಬೂಟು ಅಂಗಾಲನ್ನು ಕಾಯುತ್ತದೆ. ಒಣ ಮರಳುಗಲ್ಲಿನ ಮೇಲೆ ಯಾವ ಬೂಟಾದರೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಮಳೆಯಲ್ಲಿ ಪಾಚಿ ಹಿಡಿದ ಮೆಟ್ಟಿಲ ಮೇಲೆ ಯಾವ ಕಂಪನಿಯ ಬೂಟೂ ಹಿಡಿಯುವುದಿಲ್ಲ. ಅಲ್ಲಿ ನಡೆಯಬೇಕು.

ಕ್ಯಾಂಪ್_ರಸ್ತೆ, ಬೆಳಗಾವಿ

ಬೆಳಗಾವಿಯಲ್ಲಿ ಇದಕ್ಕೆ ವಿರುದ್ಧ. ರಾಜಹಂಸಗಡದ ಕಡೆಯ ಕೆಂಪು ಮಣ್ಣು, ಖಾನಾಪುರದ ಕಡೆಯ ಜಂಬಿಟ್ಟಿಗೆ ಮಣ್ಣು ಮಳೆಗಾಲದಲ್ಲಿ ಜಾರುತ್ತವೆ, ಅಲ್ಲಿ ಹಲ್ಲುಳ್ಳ ಅಟ್ಟೆ ಬೇಕೇ ಬೇಕು. ಒದ್ದೆಯಾದ ಬೂಟನ್ನು ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು.

ಎರೆಹೊಲದವ, ಸಿಂದಗಿ

ಶಿಕ್ಷಕರು ಕೇಳಿದ್ದು ಎರೆ ದಾರಿಯ ಬಗ್ಗೆ, ಅದನ್ನು ನಾನು ಹೇಳಬೇಕು. ಎರೆ ಮಣ್ಣು ವರ್ಷದಲ್ಲಿ ಮೂರು ರೂಪ ತಾಳುತ್ತದೆ, ಒಂದೊಂದಕ್ಕೂ ಉತ್ತರ ಬೇರೆ.

ಜನವರಿಯಿಂದ ಮೇವರೆಗೆ ಬಂಡಿ ದಾರಿ ಸಿಮೆಂಟಿನಷ್ಟು ಗಟ್ಟಿ. ಗಾಲಿಯ ಜಾಡಿನಲ್ಲಿ ಓಡುವುದಾದರೆ ರಸ್ತೆಯ ಬೂಟೇ ಸಾಕು, ಹಲ್ಲು ಬೇಕಾಗಿಲ್ಲ. ಜಾಡು ಬಿಟ್ಟು ಹೊಲಕ್ಕೆ ಇಳಿಯಬಾರದು, ಅಲ್ಲಿ ಮುಂಗಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳಿರುತ್ತವೆ, ನಸುಕಿನಲ್ಲಿ ಕಾಣುವುದಿಲ್ಲ. ಈಗ ಮೂರು ಬೆರಳು ದಪ್ಪದ ಮೆತ್ತನೆಯ ಅಟ್ಟೆಯ ಬೂಟುಗಳು ಬಂದಿವೆಯಲ್ಲ, ಅಂಥವನ್ನು ಹಾಕಿಕೊಂಡು ಹೆಂಟೆಯ ಮೇಲೆ ಕಾಲಿಟ್ಟರೆ ಕಣಕಾಲು ಹೊರಳುವುದು ಖಂಡಿತ. ಎರೆ ದಾರಿಗೆ ನೆಲಕ್ಕೆ ಹತ್ತಿರವಿರುವ ಬೂಟೇ ಸರಿ.

ಎರಡನೆಯ ರೂಪ ಸಣ್ಣ ಹದ. ಮಳೆ ಬಿದ್ದು ಮೂರು ನಾಲ್ಕು ದಿನವಾಗಿ ಮೇಲ್ಪದರ ಆರಿ ಒಳಗೆ ತಂಪು ಉಳಿದಿರುವಾಗ ಓಡಲು ಅದಕ್ಕಿಂತ ಹಿತವಾದ ನೆಲ ಇನ್ನೊಂದಿಲ್ಲ.

ಮೂರನೆಯದು ಹಸಿ ಎರೆ. ಅದಕ್ಕೆ ಯಾವ ಬೂಟೂ ಇಲ್ಲ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಟ್ಟೆಗೆ ಅಂಟಿದ ಮಣ್ಣಿನ ಮೇಲೆ ಮತ್ತೆ ಮಣ್ಣು ಅಂಟಿ, ಇಪ್ಪತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಎರಡು ಮೂರು ಕಿಲೋ ಕಟ್ಟಿಕೊಳ್ಳುತ್ತದೆ. ಹಲ್ಲು ಒತ್ತಾಗಿರುವ ಬೂಟಿನಲ್ಲಿ ಇನ್ನೂ ಬೇಗ ತುಂಬುತ್ತದೆ, ದೂರ ದೂರ ಹಲ್ಲಿರುವುದು ಸ್ವಲ್ಪ ಉದುರಿಸುತ್ತದೆ, ಅಷ್ಟೇ. ಗಾಡಿಯ ಎತ್ತುಗಳೇ ಆ ದಿನ ಹೊರಡುವುದಿಲ್ಲ. ಆದ್ದರಿಂದ ಎರೆಗೆಂದು ದುಬಾರಿಯ ಹಲ್ಲಿನ ಬೂಟನ್ನು ಕೊಳ್ಳಬೇಡಿರಿ, ಹಸಿಯಿದ್ದಾಗ ಡಾಂಬರಿಗೋ ಗರಸಿನ ರಸ್ತೆಗೋ ಹೋಗಿರಿ. ನಿಮ್ಮ ಎರಡೂ ದಾರಿಗೆ ರಸ್ತೆಯ ಬೂಟು ಒಂದೇ ಸಾಕು.

ನವನಗರ_ಫಿಸಿಯೊ, ಬಾಗಲಕೋಟೆ

ಇದಕ್ಕಿಂತ ಚೆನ್ನಾಗಿ ಯಾವ ಅಂಗಡಿಯವರೂ ಹೇಳಲಾರರು. ಒಂದನ್ನಷ್ಟೇ ಸೇರಿಸುತ್ತೇನೆ. ಬೂಟಿನ ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರವಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಹೇಳಿರುತ್ತಾರೆ. ಎಂಟರಿಂದ ಹತ್ತು ಸಾಮಾನ್ಯ. ನಾಲ್ಕಕ್ಕಿಂತ ಕಡಿಮೆಯಾದರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜಿನ ಮೇಲೆ ಭಾರ ಹೆಚ್ಚುತ್ತದೆ, ಹೆಚ್ಚಾದರೆ ಮೊಣಕಾಲಿನ ಕಡೆಗೆ ಭಾರ ಸರಿಯುತ್ತದೆ. ಈಗ ಹಾಕುತ್ತಿರುವುದು ಹತ್ತು ಮಿಲಿಮೀಟರಿನದಾದರೆ ಒಮ್ಮೆಲೇ ಸೊನ್ನೆಗೆ ಇಳಿಯಬೇಡಿ, ತಿಂಗಳುಗಟ್ಟಲೆ ಸಮಯ ಕೊಡಬೇಕು.

ಟಿಳಕವಾಡಿ_ತಾಯಿ, ಬೆಳಗಾವಿ

ಒಂದು ಜೋಡಿ ಸಾಕೇ ಎಂದು ಸರ್ ಕೇಳಿದ್ದರು. ಹಣವಿದ್ದರೆ ಎರಡು ಬೇರೆ ಬೇರೆ ಬಗೆಯ ಜೋಡಿಗಳನ್ನು ದಿನ ಬಿಟ್ಟು ದಿನ ಹಾಕುವುದು ಒಳ್ಳೆಯದು. 2015ರ ಒಂದು ಅಧ್ಯಯನದಲ್ಲಿ ಹಾಗೆ ಮಾಡುತ್ತಿದ್ದವರಿಗೆ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಕಂಡುಬಂದಿತ್ತು. ಬೂಟಿಗೂ ಆರಲು ಸಮಯ ಸಿಗುತ್ತದೆ.

ಹೊಸ_ಓಟಗಾರ, ಜಮಖಂಡಿ

ಅಟ್ಟೆಯೊಳಗೆ ಕಾರ್ಬನ್ ಹಾಳೆಯಿರುವ ಬೂಟು ಕೊಂಡರೆ ವೇಗ ಹೆಚ್ಚುತ್ತದೆಯೇ?

ಮಾಜಿ_ಸುಬೇದಾರ, ಬೆಳಗಾವಿ

ಸ್ಪರ್ಧೆಯಲ್ಲಿ ಜೋರಾಗಿ ಓಡುವವರಿಗೆ ಹೆಚ್ಚುತ್ತದೆ. ಅದಕ್ಕಾಗಿಯೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಬೂಟಿನ ಅಟ್ಟೆಯ ದಪ್ಪಕ್ಕೆ 40 ಮಿಲಿಮೀಟರಿನ ಮಿತಿ ಹಾಕಿತು. ದಿನದ ಓಟಕ್ಕೆ ಅದು ಬೇಡ, ಅದರ ಫೋಮ್ ಬೇಗ ಸಾಯುತ್ತದೆ.

ಅಥಣಿ_ಅಟ್ಟೆ, ಅಥಣಿ

ಗುರುಗಳೇ, ಹಳೆಯ ಬೂಟನ್ನು ಎಸೆಯುವ ಮೊದಲು ಅದರ ದಾರವನ್ನು ಒಮ್ಮೆ ಬೇರೆ ರೀತಿ ಕಟ್ಟಿ ನೋಡಿರಿ. ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಯಾರೂ ಬಳಸದ ಇನ್ನೊಂದು ತೂತು ಇರುತ್ತದೆ. ದಾರವನ್ನು ಆ ತೂತಿನೊಳಗೆ ಅದೇ ಬದಿಯಲ್ಲಿ ಹಾಯಿಸಿ ಸಣ್ಣ ಕುಣಿಕೆ ಮಾಡಿ, ಬಲಗಡೆಯ ದಾರವನ್ನು ಎಡ ಕುಣಿಕೆಯಲ್ಲಿಯೂ ಎಡಗಡೆಯದನ್ನು ಬಲ ಕುಣಿಕೆಯಲ್ಲಿಯೂ ತೂರಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿರಿ. ಹಿಮ್ಮಡಿ ಹಿಡಿದಿಟ್ಟಂತೆ ನಿಲ್ಲುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಉಗುರು ಕಪ್ಪಾಗುವುದು ಎಷ್ಟೋ ಜನರಿಗೆ ಇಷ್ಟರಿಂದಲೇ ನಿಂತಿದೆ. ಅಗಲದ ತೊಂದರೆ ಮಾತ್ರ ದಾರದಿಂದ ಹೋಗದು.

ಗುಮ್ಮಟದ_ಬೆಳಗು, ವಿಜಯಪುರ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಮಗಳ ಕೈಗೆ ಪೆನ್ಸಿಲ್ ಕೊಟ್ಟು ಕಂದು ಕಾಗದದ ಮೇಲೆ ನಿಂತೆ. ಎಡಪಾದ 26.7 ಸೆಂಟಿಮೀಟರ್, ಬಲಪಾದ 27.3. ಉಗುರು ಕಪ್ಪಾದದ್ದು ಬಲಗಾಲಿನದೇ! ಹಳೆಯ ಬೂಟಿನ ಒಳಹಾಸನ್ನು ಎಳೆದು ನಿಂತರೆ ಎರಡೂ ಕಿರುಬೆರಳುಗಳು ಅಂಚಿನಿಂದ ಪೂರ್ತಿ ಹೊರಗಿದ್ದವು. ಇಷ್ಟು ದಿನ ನನ್ನ ಪಾದದಲ್ಲಿಯೇ ದೋಷವಿದೆಯೆಂದು ನಂಬಿದ್ದೆ.

ನಿನ್ನೆ ಸಂಜೆ ಒಳ ಆಸರೆಯಿಲ್ಲದ, 2ಇ ಅಗಲದ, ಹಿಂದಿನದಕ್ಕಿಂತ ಒಂದು ಸೈಜು ದೊಡ್ಡದಾದ ಸಾದಾ ರಸ್ತೆಯ ಬೂಟನ್ನು ₹5,200ಕ್ಕೆ ಕೊಂಡೆ. ಕೊಳ್ಳುವ ಮೊದಲು ಅಂಗಡಿಯ ಮುಂದಿನ ರಸ್ತೆಯಲ್ಲಿ ನಾಲ್ಕು ಸಲ ಓಡಿ ನೋಡಿದೆ, ಅವರೂ ಬೇಡವೆನ್ನಲಿಲ್ಲ. ಇಂದು ಬೆಳಗ್ಗೆ ಇಬ್ರಾಹಿಂ ರೋಜಾದವರೆಗೆ ಹೋಗಿ ಬಂದೆ. ಅಂಗಾಲಿನ ಒಳಬದಿಯ ಒತ್ತಡ ಇಲ್ಲ, ಗುಳ್ಳೆಯೂ ಇಲ್ಲ. ಕುಣಿಕೆಯ ಗಂಟನ್ನೂ ಕಲಿತಿದ್ದೇನೆ. ಇದು ಎಷ್ಟು ದಿನ ಬಾಳುತ್ತದೆ ಎಂದು ಯಾರಾದರೂ ಹೇಳುವಿರಾ? ನಾಳೆ ಬಂಡಿ ದಾರಿಗೆ ಇಳಿಯಬೇಕೆಂದಿದ್ದೇನೆ.

ಕ್ಯಾಂಪ್_ರಸ್ತೆ, ಬೆಳಗಾವಿ

ಸಂತೋಷ ಸರ್. 500ರಿಂದ 800 ಕಿಲೋಮೀಟರ್ ಎಂದು ಲೆಕ್ಕವಿಟ್ಟುಕೊಳ್ಳಿ. ನಿಮ್ಮ ತೂಕಕ್ಕೆ 500ರ ಹತ್ತಿರ ಬಂದಾಗಲೇ ಗಮನಿಸಲು ಶುರು ಮಾಡಿರಿ. ಕೊಂಡ ತಾರೀಖನ್ನು ಬೂಟಿನ ನಾಲಿಗೆಯ ಒಳಬದಿಯಲ್ಲಿ ಪೆನ್ನಿನಿಂದ ಬರೆದಿಡಿ. ಅಟ್ಟೆ ಚೆನ್ನಾಗಿಯೇ ಕಂಡರೂ ನಡುವಿನ ಫೋಮ್ ಮೊದಲೇ ಕುಸಿದಿರುತ್ತದೆ.

ಎರೆಹೊಲದವ, ಸಿಂದಗಿ

ನಿನ್ನೆ ರಾತ್ರಿ ನಮ್ಮ ಕಡೆ ಒಳ್ಳೆಯ ಮಳೆಯಾಗಿದೆ ಸರ್, ನಿಮ್ಮಲ್ಲಿಯೂ ಆಗಿದ್ದರೆ ನಾಳೆ ಬೇಡ. ಗುರುವಾರದವರೆಗೆ ಡಾಂಬರಿನ ಮೇಲೆಯೇ ಓಡಿರಿ.